ಸೊಪ್ಪು ಬಸಿದ ನೀರು

ಅಪ್ಪನ ಎದೆಬಡಿತ ನಿಮಿಷಕ್ಕೆ ಮೂವತ್ತೆಂಟಕ್ಕೆ ಇಳಿದಿದ್ದಾಗ ನಾನು ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಫಾರಂ ತುಂಬುತ್ತಿದ್ದೆ. ಹೆಸರು, ವಯಸ್ಸು, ಯಾವ ಔಷಧಿ ಒಗ್ಗುವುದಿಲ್ಲ, ಯಾವ ಭಾಷೆ ಬರುತ್ತದೆ. ಭಾಷೆಯ ಮುಂದೆ ‘ಕನ್ನಡ’ ಎಂದು ಬರೆದು, ಪಕ್ಕದಲ್ಲಿ ‘ಮಗಳಿಗೆ ಇಂಗ್ಲಿಷ್ ಬರುತ್ತದೆ’ ಎಂದು ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ. ಎಂಟು ತಿಂಗಳಿಂದ ಎಲ್ಲ ಫಾರಂಗಳಲ್ಲೂ ಹಾಗೆ ಬರೆದು ಅಭ್ಯಾಸವಾಗಿತ್ತು.

ಇದಾಗಿ ಒಂದು ವರ್ಷ ದಾಟಿದೆ. ಅಪ್ಪ ಬದುಕಿದ್ದಾನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಆ ಸೋಮವಾರದ ಬೆಳಗ್ಗೆಯನ್ನು ನಾನು ಬಿಟ್ಟಿಲ್ಲ, ಅಥವಾ ಅದು ನನ್ನನ್ನು ಬಿಟ್ಟಿಲ್ಲ. ಕ್ಲಾಸಿನಲ್ಲಿ ಲೆಕ್ಕಶಾಸ್ತ್ರದ ಪಾಠ ಮಾಡುತ್ತಿರುವಾಗ ನಡುವೆಯೇ ಅದು ಮೊದಲಿನಿಂದ ಶುರುವಾಗುತ್ತದೆ. ಡಯಾಲಿಸಿಸ್ ಸೆಂಟರಿನ ಹೊರಗೆ ನನ್ನ ಹಾಗೆ ಕೂತಿರುವ ಮಕ್ಕಳು ಬಹಳ ಜನ ಇದ್ದಾರೆ. ಓದಿದವರು, ಎರಡು ಮೂರು ಭಾಷೆ ಬಲ್ಲವರು, ಡಾಕ್ಟರು ಹೇಳಿದ್ದನ್ನು ಕೇಳಿಕೊಂಡು ಮನೆಗೆ ಹೋಗಿ ಒಪ್ಪಿಸುವವರು. ಅವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಚಾಮರಾಜಪೇಟೆಯ ಮನೆಯಲ್ಲಿ ನಾವು ಮೂವರು. ಅಪ್ಪ ಮಾಗಡಿ ಕಡೆಯ ಹಳ್ಳಿಯಿಂದ ಹದಿನೆಂಟನೇ ವಯಸ್ಸಿಗೆ ಬಂದು, ತರಗುಪೇಟೆಯ ಒಂದು ಬೇಳೆಕಾಳು ಮಂಡಿಯಲ್ಲಿ ನಲವತ್ತು ವರ್ಷ ಕೆಲಸ ಮಾಡಿದವನು. ಮೂಟೆಗೆ ಕೈ ಹಾಕಿ ಒಂದು ಹಿಡಿ ತೊಗರಿಬೇಳೆ ತೆಗೆದು ನೋಡಿದರೆ ಯಾವ ಸೀಮೆಯದು ಎಂದು ಹೇಳುತ್ತಿದ್ದ. ಅಮ್ಮನೂ ಅದೇ ಕಡೆಯವಳು. ಮನೆಯ ಅಡುಗೆ ಪೂರ್ತಿ ಅವಳದು. ನಾನು ಶೇಷಾದ್ರಿಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಅಡುಗೆಮನೆಗೆ ಹೋಗುವುದು ತಟ್ಟೆ ತೆಗೆದುಕೊಳ್ಳಲು ಮಾತ್ರ.

ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಕಾಲು ಊದಿಕೊಂಡಾಗ ದಿನವಿಡೀ ನಿಂತು ಹಾಗಾಗಿದೆ ಎಂದುಕೊಂಡೆವು. ಕಿಡ್ನಿ ಎರಡೂ ಕೆಲಸ ನಿಲ್ಲಿಸುತ್ತಿವೆ ಎಂದು ಡಾಕ್ಟರು ಹೇಳಿದ ದಿನ ಅಪ್ಪ ಕೈಕಟ್ಟಿಕೊಂಡು ಕೂತಿದ್ದ. ಅವರು ಕನ್ನಡದಲ್ಲೇ ಮಾತಾಡಿದರು, ಸಾವಧಾನವಾಗಿಯೇ ಮಾತಾಡಿದರು. ಪ್ರತಿ ಮಾತಿಗೂ ಅಪ್ಪ “ಆಯ್ತು ಸಾರ್” ಅಂದ. ಏನಾದರೂ ಕೇಳುವುದಿದೆಯಾ ಅಂದಾಗಲೂ “ಆಯ್ತು ಸಾರ್” ಅಂದ. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದು ಕೇಳಿದ:

“ಏನಂದ್ರವ್ವ ಅವ್ರು?”

ಅಂದಿನಿಂದ ಆ ಕೆಲಸ ನನ್ನದಾಯಿತು.

ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ಬಸವನಗುಡಿಯ ಒಂದು ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಗಾಜಿನ ಬಾಗಿಲಿನ ಒಳಗೆ ಎಂಟು ಮಂಚ, ಹೊರಗೆ ಹನ್ನೆರಡು ಕುರ್ಚಿ. ನಾಲ್ಕು ಗಂಟೆ ಕಾಯಬೇಕು. ಆ ಕುರ್ಚಿಗಳಲ್ಲಿ ಕೂತವರು ಒಬ್ಬರು ತಮಿಳು, ಒಬ್ಬರು ಉರ್ದು, ಒಬ್ಬರು ತೆಲುಗು ಮಾತಾಡಿದರೂ ಕೇಳುವುದು ಒಂದೇ, ಇವತ್ತು ಎಷ್ಟು ತೂಕ ಬಂತು, ಎಷ್ಟು ನೀರು ತೆಗೆದರು. ಮೊದಲ ವಾರ ನಾನು ಅಳುತ್ತಿದ್ದುದನ್ನು ನೋಡಿ, ಗಂಡನನ್ನು ಕರೆದುಕೊಂಡು ಬರುತ್ತಿದ್ದ ಒಬ್ಬರು ಹೆಂಗಸು ತಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟರು. ಅವರ ಹೆಸರು ಇವತ್ತಿಗೂ ನನಗೆ ತಿಳಿಯದು. ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತೇನೆ, ಅವರು ನನ್ನನ್ನು ಟೀಚರ್ ಅನ್ನುತ್ತಾರೆ.

ಎರಡನೇ ವಾರ ಆಹಾರದ ಸಲಹೆಗೆ ಕರೆದರು. ಸಲಹೆಗಾರ್ತಿಯ ಹೆಸರು ಶೈನಿ, ಕೇರಳದವರು, ಬೆಂಗಳೂರಿಗೆ ಬಂದು ಒಂದು ವರ್ಷವಾಗಿತ್ತು. ಕನ್ನಡ ಅಲ್ಪಸ್ವಲ್ಪ ಬರುತ್ತಿತ್ತು. ಅವರ ಕೋಣೆ ಚಿಕ್ಕದು, ಎದುರಿಗೆ ಎರಡೇ ಕುರ್ಚಿ. ಅಪ್ಪ ಒಂದರಲ್ಲಿ ಕೂತ, ನಾನು ಇನ್ನೊಂದರಲ್ಲಿ. ಅಮ್ಮ ಚೀಲ ಹಿಡಿದುಕೊಂಡು ಹೊರಗೆ ಉಳಿದಳು. ನೀನೂ ಬಾ ಎಂದು ನಾನು ಕರೆಯಲಿಲ್ಲ. ಅವಳೂ ಕೇಳಲಿಲ್ಲ. ಹೇಗಿದ್ದರೂ ನಾನು ಹೇಳುತ್ತೇನಲ್ಲ.

ಶೈನಿ ಇಂಗ್ಲಿಷಿನಲ್ಲಿ ವಿವರಿಸಿದರು, ನಾನು ಬರೆದುಕೊಂಡೆ. ಪೊಟ್ಯಾಶಿಯಂ ಅನ್ನುವುದು ಏರಿದರೆ ಹೃದಯಕ್ಕೆ ಅಪಾಯ. ಎಳನೀರು, ಬಾಳೆಹಣ್ಣು, ಕಿತ್ತಳೆ ಬೇಡ. ನೀರು, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಇಷ್ಟೇ ಲೋಟ. ಸೊಪ್ಪು, ತರಕಾರಿ ಆದಷ್ಟು ಕಡಿಮೆ, ಮಾಡಿದರೂ ಜಾಸ್ತಿ ನೀರಿನಲ್ಲಿ ಬೇಯಿಸಿ ಬಸಿದು ಕೊಡಬೇಕು. ಮನೆಗೆ ಬಂದು ಅದನ್ನೆಲ್ಲ ದುಂಡಗಿನ ಅಕ್ಷರದಲ್ಲಿ, ಒಳ್ಳೆಯ ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅಮ್ಮನಿಗೆ ಓದಿ ಹೇಳಿದೆ. ಸೊಪ್ಪಿನ ಸಾಲು ಬಂದಾಗ ಅವಳು ನಕ್ಕಳು.

“ಇದನ್ನ ಕಲಿಯೋಕೆ ಆಸ್ಪತ್ರೆಗೆ ಹೋಗ್ಬೇಕಿತ್ತಾ? ನಾವು ಬಸೀದೆ ಇದ್ದ ವಾರ ಯಾವ್ದವ್ವ?”

ನಾನೂ ನಕ್ಕೆ. ಒಂದಾದರೂ ಸುಲಭದ ಸಂಗತಿ ಸಿಕ್ಕಿತಲ್ಲ ಅನ್ನಿಸಿತು.

ಮುದ್ದೆ ಉಣ್ಣುವ ಯಾವ ಮನೆಯವರಿಗೂ ಮುಂದಿನದನ್ನು ಹೇಳಬೇಕಿಲ್ಲ. ಸೊಪ್ಪು, ಕಾಳು ಬೇಯಿಸುತ್ತೇವೆ. ಬಸಿಯುತ್ತೇವೆ. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಮೆಣಸಿನಕಾಯಿ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಅದು ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ. ಕಾಯಿಲೆಯವರಿಗೆ, ಬಾಣಂತಿಗೆ, ಸುಸ್ತಾಗಿ ಬಂದವರಿಗೆ ಮೊದಲು ಹಾಕುವುದು ಆ ಸಾರನ್ನೇ. ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಅಮ್ಮ ಪಲ್ಯವನ್ನು ನನಗೆ ಹಾಕಿ, ಸಾರನ್ನು ಅವನಿಗೆ ಮೀಸಲಿಟ್ಟಳು. ನೀರಿನಂಥದ್ದು ಜಾಸ್ತಿ ಬೇಡ ಎಂದು ಕಾಗದದಲ್ಲಿ ಇತ್ತಲ್ಲ, ಅದನ್ನೂ ಪಾಲಿಸಿದಳು. ಎರಡು ಸೌಟು ಸಾರು ಒಂದು ಸೌಟಿಗೆ ಇಳಿಯುವವರೆಗೆ ಕುದಿಸಿ ಗಟ್ಟಿ ಮಾಡಿ ಬಡಿಸುತ್ತಿದ್ದಳು.

ನಾನು ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ಫ್ರಿಜ್ಜು ನನ್ನ ಬೆನ್ನ ಹಿಂದೆ ಇತ್ತು.

ತಿಂಗಳ ರಿಪೋರ್ಟಿನಲ್ಲಿ ಪೊಟ್ಯಾಶಿಯಂ ಸ್ವಲ್ಪ ಸ್ವಲ್ಪವೇ ಏರಿತು. ಡಾಕ್ಟರು ಅಪ್ಪನನ್ನು ಕೇಳಿದರು, ಎಳನೀರು ಕುಡೀತೀರಾ, ಹಣ್ಣು ತಿಂತೀರಾ. ಅಪ್ಪ ಇಲ್ಲ ಸಾರ್ ಅಂದ. ಅವರು ನನ್ನ ಕಡೆ ನೋಡಿದರು. ಆ ನೋಟ ನನಗೆ ಅರ್ಥವಾಯಿತು, ಏಕೆಂದರೆ ನಾನೂ ಹಾಗೇ ಯೋಚಿಸುತ್ತಿದ್ದೆ. ಅಪ್ಪ ಸಂಜೆ ಹೊತ್ತು ತರಗುಪೇಟೆಯ ಹಳೆಯ ಮಂಡಿಗೆ ನಡೆದುಹೋಗಿ ಒಂದು ಗಂಟೆ ಕೂತು ಬರುತ್ತಿದ್ದ. ಅಲ್ಲಿ ಏನೋ ತಿನ್ನುತ್ತಿದ್ದಾನೆ ಎಂದುಕೊಂಡೆ. ಅವನ ಅಂಗಿಯ ಜೇಬು ನೋಡಿದೆ. ಒಂದು ಸಲ, ವಿಶ್ವೇಶ್ವರಪುರದ ತಿಂಡಿ ಬೀದಿಗೆ ಏನಾದರೂ ಹೋಗ್ತಿದೀಯಾ ಎಂದು ಅಮ್ಮನ ಎದುರಿಗೇ ಹಂಗಿಸಿದೆ. ಕೊನೆಗೆ ಮಂಡಿಯ ಯಜಮಾನರಿಗೆ ಫೋನ್ ಮಾಡಿ, ಅಪ್ಪ ಅಲ್ಲಿ ಏನು ತಿನ್ನುತ್ತಾನೆ ಎಂದು ವಿಚಾರಿಸಿದೆ. ಅವರು, ನೀರೂ ಮುಟ್ಟಲ್ಲಮ್ಮ, ಟೀ ಕೊಟ್ರೆ ಬೇರೆಯವರಿಗೆ ದಾಟಿಸ್ತಾರೆ ಅಂದರು.

ಮಾರನೆಯ ದಿನ ಅಪ್ಪ ಚಪ್ಪಲಿ ಬಿಡುತ್ತಾ, “ಫೋನ್ ಮಾಡಿದ್ಯಂತೆ” ಅಂದ. ಆಮೇಲೆ ಮಂಡಿಗೆ ಹೋಗುವುದನ್ನು ಬಿಟ್ಟ.

ಆ ಸೋಮವಾರದ ಹಿಂದಿನ ದಿನ, ಭಾನುವಾರ, ಅಮ್ಮ ದಂಟಿನ ಸೊಪ್ಪು, ಅಲಸಂದೆ ಕಾಳು ಹಾಕಿ ಮಾಡಿದ್ದಳು. ಗುರುವಾರದ ಡಯಾಲಿಸಿಸ್ ಆಗಿ ಮೂರು ದಿನ ಕಳೆದಿತ್ತು. ಅಪ್ಪ ಮಧ್ಯಾಹ್ನವೂ ಅದನ್ನೇ ಉಂಡ, ಸಂಜೆಯೂ ಅದನ್ನೇ ಉಂಡ. ಸೋಮವಾರ ಬೆಳಗ್ಗೆ ಉಳಿದ ಸಾರು ಇನ್ನೂ ಗಟ್ಟಿಯಾಗಿ, ಇನ್ನೂ ರುಚಿಯಾಗಿತ್ತು. ಆಸ್ಪತ್ರೆಯಲ್ಲಿ ಸುಸ್ತಾಗುತ್ತದೆ ಎಂದು ಅಮ್ಮ ಅರ್ಧ ಮುದ್ದೆಗೆ ಅದನ್ನು ಹಾಕಿಕೊಟ್ಟಳು.

ಎಂಟೂವರೆಗೆ ಆಟೋ ಬಂದಿತ್ತು. ಅಪ್ಪ ಬಾಗಿಲಿನ ಮೆಟ್ಟಿಲ ಮೇಲೆ ನಿಂತು ಕೆಳಗೆ ಕಾಲಿಡಲು ಹೋದ. ಕಾಲು ಏಳಲಿಲ್ಲ. ಅವನು ಅದನ್ನು ನೋಡಿದ, ಬೇರೆ ಯಾರದೋ ಕಾಲನ್ನು ನೋಡುವಂತೆ. “ಮರಗಟ್ಟಿದ ಹಾಗೆ ಅದೆ” ಅಂದ. ನಾನು ರಾತ್ರಿ ಮಗ್ಗಲು ಬದಲಿಸದೆ ಮಲಗಿರಬೇಕು ಅಂದೆ. ಹೌದು, ನಾನು ಹೇಳಿದ್ದು ಅದನ್ನೇ. ಆಟೋದವನೂ ನಾನೂ ಎರಡು ಕಡೆ ಹಿಡಿದು ಕೂರಿಸಿದೆವು. ದಾರಿಯಲ್ಲಿ ಅಪ್ಪ ಮಾತು ನಿಲ್ಲಿಸಿದ. ತುಟಿ ಬೆಳ್ಳಗಾಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಅವನನ್ನು ನೋಡಿದ ನರ್ಸು ಮೊದಲ ಮಹಡಿಗೆ ಬೇಡ ಎಂದು ನೇರವಾಗಿ ತುರ್ತು ವಿಭಾಗಕ್ಕೆ ತಳ್ಳಿಕೊಂಡು ಹೋದಳು. ನನ್ನ ಕೈಗೆ ಫಾರಂ ಕೊಟ್ಟರು.

ಪರದೆ ಅರ್ಧ ಸರಿದಿತ್ತು. ಅದರ ಸಂದಿಯಲ್ಲಿ ಕಂಡಿದ್ದು ಇಷ್ಟು: ಎದೆಗೆ ಅಂಟಿಸಿದ ತಂತಿಗಳು, ಪೆಟ್ಟಿಗೆಯ ಮೇಲೆ ಬಹಳ ಅಗಲವಾಗಿ, ನಿಧಾನವಾಗಿ ಏಳುತ್ತಿದ್ದ ಗೆರೆ, ಡಾಕ್ಟರೊಬ್ಬರು ಇಂಜೆಕ್ಷನ್ನನ್ನು ನಿಧಾನವಾಗಿ ಒತ್ತುತ್ತಾ ಆ ಗೆರೆಯನ್ನೇ ನೋಡುತ್ತಿದ್ದುದು. ಅಪ್ಪನ ಬಲಗಾಲಿನ ಹೆಬ್ಬೆರಳು ಹೊದಿಕೆಯಿಂದ ಹೊರಗೆ ಬಂದಿತ್ತು. ಅದು ಅಲುಗುತ್ತದೆಯೇ ಎಂದು ನೋಡುತ್ತಾ ನಿಂತೆ. ಹೆದರಿಕೆ ಆಗ ಆಗಲಿಲ್ಲ. ಅದು ಎರಡು ದಿನ ಬಿಟ್ಟು ಬಂತು, ಬಸ್ಸಿನಲ್ಲಿ.

ಗೆರೆ ಕಿರಿದಾಗಿ, ಬೇಗ ಬೇಗ ಏಳತೊಡಗಿತು. ಅಲ್ಲಿಂದಲೇ ಡಯಾಲಿಸಿಸ್‌ಗೆ ಒಯ್ದರು. ಐದರ ಆಸುಪಾಸಿನಲ್ಲಿ ಇರಬೇಕಾದ ಪೊಟ್ಯಾಶಿಯಂ ಏಳು ದಾಟಿ ಎಂಟರ ಹತ್ತಿರ ಇತ್ತಂತೆ. ಡಾಕ್ಟರು ಹೊರಗೆ ಬಂದು, ಇನ್ನು ಒಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿ, “ಏನು ತಿಂದ್ರು ಅಂತ ಈಗ್ಲಾದ್ರೂ ಹೇಳಿ” ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ ಅಪ್ಪ ವಾರ್ಡಿನಲ್ಲಿದ್ದ. ಅಮ್ಮ ಮಂಚದ ಪಕ್ಕ ಕೂತಿದ್ದಳು. ಶೈನಿ ಬಂದರು. ನಾನು ಫೈಲು ತೆರೆದು ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದೆ, ಹಣ್ಣಿಲ್ಲ, ಎಳನೀರಿಲ್ಲ, ನೀರು ಅಳೆದು ಕೊಡುತ್ತಿದ್ದೇವೆ ಎಂದು. ಅವರು ಒಂದು ನಿಮಿಷ ಕೇಳಿ, ಸ್ಟೂಲನ್ನು ಎಳೆದುಕೊಂಡು ಅಮ್ಮನ ಎದುರಿಗೆ ಕೂತರು. ಎಂಟು ತಿಂಗಳಲ್ಲಿ ಅವರ ಕನ್ನಡ ಸುಧಾರಿಸಿತ್ತು, ವಾರ್ಡಿನ ಆಯಾಗಳು ಕಲಿಸಿದ್ದಂತೆ.

“ಅಮ್ಮ, ನೀವು ಹೇಳಿ. ಭಾನುವಾರ ಅಡುಗೆ ಫಸ್ಟ್‌ನಿಂದ ಹೇಳಿ. ಸೊಪ್ಪು ತಗೊಂಡ್ರಿ. ಆಮೇಲೆ?”

ಅಮ್ಮ ನನ್ನ ಮುಖ ನೋಡಿದಳು. ನಾನು ಅನುವಾದ ಮಾಡಲು ಬಾಯಿ ತೆರೆದೆ. ಶೈನಿ ಕೈ ಎತ್ತಿ, “ಮೇಡಂ, ನೀವು ಸುಮ್ನಿರಿ” ಅಂದರು. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಹಾಗೇ ಹೇಳಿದರು.

ಅಮ್ಮ ನಿಧಾನವಾಗಿ ಹೇಳತೊಡಗಿದಳು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದದ್ದು, ಕಾಳು ಅರ್ಧ ಬೆಂದ ಮೇಲೆ ಸೊಪ್ಪು ಹಾಕಿದ್ದು, ಕಾಗದದಲ್ಲಿ ಇದ್ದಂತೆ ಎರಡು ಚೊಂಬು ನೀರು ಜಾಸ್ತಿ ಇಟ್ಟದ್ದು. ಪ್ರತಿ ಮಾತಿಗೂ ಶೈನಿ “ಆಮೇಲೆ?” ಅನ್ನುತ್ತಿದ್ದರು. ಅಮ್ಮನಿಗೆ ಹುರುಪು ಬಂತು. ತನ್ನ ಅಡುಗೆಯನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ.

“ಆಮೇಲೆ ಬಸ್ಕೊಂಡೆ.”

“ಗುಡ್. ಆ ನೀರು ಏನು ಮಾಡಿದ್ರಿ?”

“ಏನ್ಮಾಡೋದು? ಸಾರಿಗೆ.”

“ಯಾರಿಗೆ ಕೊಟ್ರಿ?”

“ಇವ್ರಿಗೇ. ಅದ್ರಲ್ಲೇ ಅಲ್ವಾ ಸತ್ವ ಎಲ್ಲ ಇಳ್ದಿರೋದು. ಬರೀ ಸೊಪ್ಪಲ್ಲಿ ಏನದೆ, ಪಿಪ್ಪೆ. ಅದನ್ನ ಇವಳಿಗೆ ಹಾಕ್ತೀನಿ.”

ಶೈನಿ ಬರೆಯುವುದನ್ನು ನಿಲ್ಲಿಸಿದರು. ನನಗೆ ಆ ಕ್ಷಣಕ್ಕೆ ಕಾಣಿಸಿದ್ದು ನನ್ನದೇ ದುಂಡಗಿನ ಅಕ್ಷರಗಳು. ಅಲ್ಲಿ ಬರೆದದ್ದು ಒಂದೂ ತಪ್ಪಿರಲಿಲ್ಲ. ಅಮ್ಮ ಮಾಡಿದ್ದರಲ್ಲೂ ಒಂದೂ ಕಾಗದಕ್ಕೆ ವಿರುದ್ಧವಾಗಿರಲಿಲ್ಲ. ಸತ್ವವೆಲ್ಲ ನೀರಿಗೆ ಇಳಿಯುತ್ತದೆ ಅನ್ನುವುದು ಅವರಿಬ್ಬರಿಗೂ ತಿಳಿದಿತ್ತು. ಆ ನೀರನ್ನು ಚೆಲ್ಲಬೇಕು ಎಂದು ಹೇಳಬೇಕಾಗುತ್ತದೆ ಅನ್ನುವುದು ಶೈನಿಗೆ ಹೊಳೆದಿರಲಿಲ್ಲ. ಯಾರಾದರೂ ಅದನ್ನು ಚೆಲ್ಲುತ್ತಾರೆ ಅನ್ನುವುದು ಅಮ್ಮನಿಗೆ ಹೊಳೆದಿರಲಿಲ್ಲ. ಎರಡೂ ಕಡೆಯನ್ನು ಬಲ್ಲವಳು ನಾನೊಬ್ಬಳೇ.

“ಹೌದಮ್ಮ, ಎಲ್ಲ ಅದರಲ್ಲೇ ಇರುತ್ತೆ” ಅಂದರು ಶೈನಿ. “ಅದಕ್ಕೇ ಸಾರ್‌ಗೆ ಅದು ಆಗಲ್ಲ. ಅವರ ಕಿಡ್ನಿ ಅದನ್ನ ಆಚೆ ಹಾಕಲ್ಲ. ತಪ್ಪು ನಂದು. ನಮ್ಮ ಊರಲ್ಲಿ ಸೊಪ್ಪಿಗೆ ನೀರೇ ಹಾಕಲ್ಲ. ನನಗೆ ಗೊತ್ತಿರ್ಲಿಲ್ಲ.”

“ಚೆಲ್ಬೇಕಿತ್ತಾ?” ಅಂದಳು ಅಮ್ಮ.

ಅಪ್ಪ ಕಣ್ಣು ಮುಚ್ಚಿ ಮಲಗಿದ್ದ, ನಿದ್ದೆ ಬಂದಿರಲಿಲ್ಲ. ಅಮ್ಮ ಅವನ ಕಾಲಿನ ಮೇಲೆ ಹೊದಿಕೆ ಎಳೆದಳು. ಆಮೇಲೆ ಎದ್ದು, ಮನೆಗೆ ಹೋಗಿ ಬರ್ತೀನಿ ಎಂದು ಹೊರಟುಹೋದಳು.

ಅಪ್ಪ ಮನೆಗೆ ಬಂದ ಮೇಲೆ ಅಮ್ಮ ಒಲೆ ಮುಟ್ಟಲಿಲ್ಲ. ಅತ್ತದ್ದಿಲ್ಲ, ಜಗಳವಾಡಿದ್ದಿಲ್ಲ. ಪಾತ್ರೆ ತೊಳೆಯುತ್ತಿದ್ದಳು, ಮನೆ ಗುಡಿಸುತ್ತಿದ್ದಳು. ನೀನೇ ಮಾಡವ್ವ, ಕಾಗದ ನಿಂಗೇ ಗೊತ್ತಾಗೋದು ಅನ್ನುತ್ತಿದ್ದಳು. ನಾನು ಮೊಬೈಲಿನಲ್ಲಿ ನೋಡಿಕೊಂಡು ಉಪ್ಪಿಟ್ಟು ಮಾಡಿದೆ, ಮತ್ತೆ ಉಪ್ಪಿಟ್ಟು ಮಾಡಿದೆ. ಅಪ್ಪ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. ಮುಂದಿನ ಗುರುವಾರ ಡಾಕ್ಟರು, ಹೀಗೆ ತಿನ್ನದೆ ಇದ್ದರೆ ಸ್ನಾಯು ಕರಗುತ್ತದೆ, ಅದೂ ಅಷ್ಟೇ ಅಪಾಯ ಅಂದರು. ತಿಂದರೆ ಒಂದು ಭಯ, ತಿನ್ನದಿದ್ದರೆ ಇನ್ನೊಂದು. ಹೊರಗೆ ಕೂತು ಆಪಾಗೆ ಇದನ್ನೆಲ್ಲ ಹೇಳಿದೆ. ಅವರು, “ನಾವು ಎರಡು ತಿಂಗಳು ಮೂಳೆ ಸೂಪ್ ಕೊಟ್ವಿ ಟೀಚರ್, ತಾಕತ್ತಿಗೆ ಅಂತ” ಅಂದರು. ನನಗೆ ಎದೆಯ ಭಾರ ಕೊಂಚ ಇಳಿಯಿತು.

ಅಮ್ಮನನ್ನು ಒಲೆಯ ಮುಂದೆ ಮತ್ತೆ ನಿಲ್ಲಿಸಿದವನು ಅಪ್ಪನೇ. ಒಂದು ಸಂಜೆ ಅವಳು ಅವನ ಮುಂದೆ ನನ್ನ ಉಪ್ಪಿಟ್ಟನ್ನು ತಂದಿಟ್ಟಾಗ ಅಂದ:

“ಎಂಟು ತಿಂಗಳು ನಿನ್ನ ಸಾರು ಉಂಡೂ ಬದ್ಕಿದೀನಿ ಕಣೆ. ಇವಳ ಉಪ್ಪಿಟ್ಟು ಇನ್ನೊಂದು ವಾರ ತಿಂದ್ರೆ ಉಳಿಯಲ್ಲ.”

ಅಮ್ಮ ನಗಲಿಲ್ಲ. “ನನ್ನ ಕೈ ನಂಗೇ ಹೆದರಿಕೆ ಆಯ್ತದೆ” ಅಂದಳು.

“ಹೆದರ್ಕೊಂಡೇ ಮಾಡು.”

ಸೋಮವಾರ ಅಮ್ಮ ನಮ್ಮ ಜೊತೆ ಆಸ್ಪತ್ರೆಗೆ ಬಂದು, ಶೈನಿಯ ಕೋಣೆಗೆ ತಾನೇ ಹೋದಳು. ಮನೆಯ ಸೌಟನ್ನು ಚೀಲದಲ್ಲಿ ತಂದಿದ್ದಳು, ಎಷ್ಟು ಹಿಡಿಯುತ್ತದೆ ಎಂದು ತೋರಿಸಲು. ನಾನು ಗೋಡೆಗೆ ಒರಗಿ ನಿಂತು ಅವರಿಬ್ಬರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಮೂರು ವಾರ ಸೊಪ್ಪೇ ಬೇಡ. ಆಮೇಲೂ ಬೇಯಿಸಿದ ಮೊದಲ ನೀರು ಬಚ್ಚಲಿಗೆ, ಖಾರ ರುಬ್ಬಿ ಬೇರೆ ಬಿಸಿನೀರಿನಲ್ಲಿ ಕುದಿಸಿ ಸಾರು, ಒಂದು ಸೌಟು. ಕಾಳು ಯಾವುದು, ಎಷ್ಟು ಹಿಡಿ. ನಿಮ್ಮ ಊರಿನಲ್ಲಿ ಸೊಪ್ಪು ಹೇಗೆ ಮಾಡುತ್ತಾರೆ ಎಂದು ಅಮ್ಮ ಕೇಳಿದಳು. ಶೈನಿ ಹೇಳಿದರು. ಅದಕ್ಕೆ ಬೆಳ್ಳುಳ್ಳಿ ಸಾಲದು ಎಂದು ಅಮ್ಮ ಅಭಿಪ್ರಾಯಪಟ್ಟಳು.

ಮೂರು ವಾರದ ನಂತರದ ರಿಪೋರ್ಟಿನಲ್ಲಿ ಪೊಟ್ಯಾಶಿಯಂ ಐದರ ಆಸುಪಾಸಿಗೆ ಇಳಿದಿತ್ತು. ಭಾನುವಾರ ಅಮ್ಮ ಸೊಪ್ಪು ತಂದಳು. ನನ್ನನ್ನು ಅಡುಗೆಮನೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಬೆಂದ ಸೊಪ್ಪನ್ನು ಬಸಿದಾಗ ಪಾತ್ರೆಯ ತುಂಬ ಹಸಿರು ನೀರು, ಅದರ ಹಬೆ, ಆ ವಾಸನೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಚ್ಚಲ ಹತ್ತಿರ ನಿಂತಳು. ಕೈ ಬಗ್ಗಲಿಲ್ಲ. ಬರದ ವರ್ಷದಲ್ಲಿ ಅವಳ ಅವ್ವ ಬರೀ ಆ ನೀರಿಗೆ ಉಪ್ಪು ಹಾಕಿ ಐದು ಮಕ್ಕಳಿಗೆ ಕುಡಿಸಿದ್ದನ್ನು ಆಗ ಹೇಳಿದಳು. ನನಗೆ ಅದು ಗೊತ್ತಿರಲಿಲ್ಲ. ನಾನು ಚೆಲ್ಲಲಾ ಅಂದೆ. ಬೇಡ ಅಂದು, ಮುಖ ತಿರುಗಿಸಿಕೊಂಡು ತಾನೇ ಚೆಲ್ಲಿದಳು.

ಅಪ್ಪ ಉಣ್ಣಲು ಕೂತ. ಅರ್ಧ ಮುದ್ದೆ, ಒಂದು ಸೌಟು ಹೊಸ ಸಾರು. ಮೊದಲ ತುತ್ತಿಗೆ, “ಸಪ್ಪೆ ಅದೆ” ಅಂದ. “ಸಪ್ಪೇನೇ” ಅಂದಳು ಅಮ್ಮ. ಆದರೂ ಅವನು ಒಂದು ತಿಂಗಳ ಹಸಿವನ್ನು ಒಟ್ಟಿಗೆ ಉಂಡ. ಉಂಡು, ತಟ್ಟೆಯನ್ನು ಅವಳ ಕಡೆ ಚಾಚಿದ.

ನಮ್ಮ ಮನೆಯಲ್ಲಿ ಚಾಚಿದ ತಟ್ಟೆಗೆ ಇಲ್ಲ ಅಂದವರಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೂ, ಅಳತೆ ಮೀರಿ ಉಣ್ಣುವ ನನ್ನ ಸೋದರಮಾವನಿಗೂ ಅಮ್ಮ ಒಂದು ದಿನವೂ ಸಾಕು ಅಂದಿದ್ದನ್ನು ನಾನು ಕೇಳಿಲ್ಲ. ತಾನು ಉಣ್ಣಲು ಇಲ್ಲದಿದ್ದರೂ ಬಡಿಸುತ್ತಿದ್ದಳು. ಈಗ ಸೌಟು ಸಾರಿನ ಪಾತ್ರೆಯೊಳಗೆ ಇತ್ತು. ಅವಳ ಕೈ ಸೌಟಿನ ಮೇಲಿತ್ತು.

“ಸಾಕು” ಅಂದಳು.

ಅಪ್ಪ ಅವಳನ್ನು ನೋಡಿದ. ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. ನೆಲಕ್ಕೆ ಒಂದು ಕೈ ಊರಿ, ಯಾರನ್ನೂ ಕರೆಯದೆ, ಎದ್ದು ನಿಂತು ಕೈ ತೊಳೆಯಲು ಹೋದ.